ಅಕ್ಕು ಅಕ್ಕ ಕೇಳಿದ ‘ನಾವು’

ಶಂಕರಪುರದಿಂದ, ಕಾಪುವಿನಿಂದ ಬಂದಿರುವ ಹಿರಿಯರೇ, ಮಣಿಪಾಲದ ನಮ್ಮ ವಿಭಾಗದ ಗೆಳೆಯರೇ, ಅಕ್ಕು ಅಕ್ಕನ ಮಗಳು ಚೈತಾಲಿಯವರೇ — ನಿಮ್ಮ ಮುಖ ನೋಡಿ ನಮಸ್ಕಾರ ಹೇಳಲು ನನಗೆ ಕಷ್ಟವಾಗುತ್ತಿದೆ.

ನಾನು ಹನುಮೇಶ, ಭಾಷಾವಿಜ್ಞಾನದ ಮೇಷ್ಟ್ರು. ಬಾಗಲಕೋಟೆ ಕಡೆಯವನು, ತುಳುವನ್ನು ಪುಸ್ತಕದಿಂದ ಕಲಿತವನು. ಕುಳಿತೇ ಮಾತಾಡಿ ಎಂದರು. ಬೇಡ. ಅಕ್ಕು ಅಕ್ಕ ತೀರಿಕೊಂಡ ದಿನದಿಂದ ಕುಳಿತಲ್ಲಿ ಕುಳಿತಿರಲು ನನಗೆ ಆಗುತ್ತಿಲ್ಲ.

ನಿಮಗೆಲ್ಲ ಅವರು ಮಲ್ಲಿಗೆ ಕಟ್ಟುವವರು. ನಮಗೆ ಸಹೋದ್ಯೋಗಿ — ಈ ಶಬ್ದವನ್ನು ಅವರು ಬದುಕಿದ್ದಾಗ ನಾನು ಒಮ್ಮೆಯೂ ಬಳಸಲಿಲ್ಲ. ಎರಡು ವರ್ಷ, ವಾರಕ್ಕೆ ಮೂರು ದಿನ, ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ತುಳು ಬರೆಯುವ ಯಂತ್ರ — ಅದೇ, ದೊಡ್ಡ ಭಾಷಾ ಮಾದರಿ ಅಂತಾರಲ್ಲ — ಅದು ಕೊಟ್ಟ ವಾಕ್ಯಗಳನ್ನು ನಾವು ಓದುವುದು, ಸರಿಯೋ ತಪ್ಪೋ ಅವರು ಹೇಳುವುದು. ಆಸ್ಪತ್ರೆಯಲ್ಲಿ ಕನ್ನಡದ ಮಾತನ್ನು ತುಳುವಿಗೆ ಮಾಡಿ ರೋಗಿಗಳಿಗೆ ಹೇಳಲು ಅದು ಬೇಕಿತ್ತು.

ಆ ಕೋಣೆಯಲ್ಲಿ ಉಜ್ವಲ್‌ಗೂ ನನಗೂ ದಿನಾ ಜಗಳ. ಉಜ್ವಲ್ ಯಂತ್ರ ಕಟ್ಟಿದ ಇಂಜಿನಿಯರ್. “ಸರ್, ನಿಮ್ಮ ವ್ಯಾಕರಣ ಎಂತಕ್ಕೆ? ಮಾತು ರಾಶಿ ರಾಶಿ ಕೊಡಿ, ಅದೇ ಕಲಿಯುತ್ತದೆ.” ನಾನು ಮೇಜು ಕುಟ್ಟಿ — ಹೀಗೆ — “ನಿಯಮ ಗೊತ್ತಿಲ್ಲದ್ದು ಗಿಳಿಪಾಠ, ಮಾರಾಯ!”

ಒಂದು ದಿನ ಒಂದು ವಾಕ್ಯ ಬಂತು. “ಎಲ್ಲೆ ಎಂಕುಲು ಇಲ್ಲಡೆ ಪೋಪ.” ನಾಳೆ ನಾವು ಮನೆಗೆ ಹೋಗುತ್ತೇವೆ. ಪರೀಕ್ಷೆಗೆಂದು ನಾವು ಯಂತ್ರಕ್ಕೆ ಕೊಟ್ಟದ್ದು, ಡಿಸ್ಚಾರ್ಜಿನ ಹಿಂದಿನ ದಿನ ಮಗ ವಯಸ್ಸಾದ ತಂದೆಗೆ ಹೇಳುವ ಮಾತು. ಉಜ್ವಲ್ ಸರಿ ಎಂದರು. ನಾನೂ — ಇಪ್ಪತ್ತು ವರ್ಷ ಪಾಠ ಮಾಡಿದವನು — ಸರಿ ಎಂದೆ. ಅಕ್ಕು ಅಕ್ಕ ತಲೆ ಅಡ್ಡ ಆಡಿಸಿದರು. “ವ್ಯಾಕರಣ ಸರಿ ಉಂಟು ಸರ್. ಆದರೆ ಅಜ್ಜ ಹೆದರ್ತಾರೆ.”

ಇಲ್ಲಿರುವ ತುಳುವರಿಗೆ ಬಿಡಿಸಿ ಹೇಳಬೇಕಿಲ್ಲ, ನನ್ನಂಥವರಿಗೆ ಹೇಳುತ್ತೇನೆ. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡು. ‘ನಮ’ ಅಂದರೆ ನೀವೂ ಸೇರಿ ನಾವು. ‘ಎಂಕುಲು’ ಅಂದರೆ ನಿಮ್ಮನ್ನು ಬಿಟ್ಟು ನಾವು. ಮಂಚದಲ್ಲಿ ಮಲಗಿದ ಅಜ್ಜನಿಗೆ ಕೇಳಿಸುವುದು ಎಂತ? ನಿಮ್ಮನ್ನು ಇಲ್ಲೇ ಬಿಟ್ಟು ಹೋಗುತ್ತೇವೆ ಎಂದು!

ಯಂತ್ರ ಕನ್ನಡದ ಮೂಲಕ ಕಲಿತಿತ್ತು, ಅದಕ್ಕೆ ಎರಡೂ ಒಂದೇ. ನನಗೆ ನಿಯಮ ಗೊತ್ತಿತ್ತು, ಬೋರ್ಡಿನ ಮೇಲೆ ಬರೆದು ಕಲಿಸಿದ್ದೂ ಉಂಟು — ಆದರೆ ಅಜ್ಜ ಕಾಣಲಿಲ್ಲ. ಅಕ್ಕು ಅಕ್ಕನಿಗೆ ಕಂಡ. ಆಮೇಲೆ ನಾಲ್ಕು ಸಾವಿರ ವಾಕ್ಯಗಳನ್ನು ಮೊದಲಿಂದ ನೋಡಿದರು. ಪ್ರತಿಯೊಂದಕ್ಕೂ ಅದೇ ಪ್ರಶ್ನೆ, “ಯಾರಿಗೆ ಹೇಳುವುದು? ಅವರೂ ಸೇರಿಯಾ?”

ನಂತರ ಉಜ್ವಲ್ ಮತ್ತು ನಾನು ಲೇಖನ ಬರೆದೆವು. ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ — “ಈ ತಪ್ಪನ್ನು ನಾವು ಪತ್ತೆಹಚ್ಚಿದೆವು.” ಅವರು ನಗುತ್ತಲೇ ಕೇಳಿದರು, “ಈ ನಾವು ಯಾವುದು ಸರ್? ನಮನಾ, ಎಂಕುಲಾ?”

ನಾನು — ಚಹಾ ಬಂತು, ಕುಡಿಯಿರಿ ಎಂದೆ.

ಲೇಖನ ಎರಡೇ ಹೆಸರಿನಲ್ಲಿ ಅಚ್ಚಾಯಿತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ‘ತುಳು ಭಾಷಿಕರೊಬ್ಬರ ನೆರವು ಪಡೆಯಲಾಗಿದೆ.’ ಒಬ್ಬರು! ಕ್ಷಮೆ ಕೇಳಬೇಕು, ಕೇಳಬೇಕು ಎಂದು ಮೂರು ತಿಂಗಳು ಮುಂದೂಡಿದೆ. ಹೋದ ಸೋಮವಾರ ಚೈತಾಲಿಯ ಫೋನು ಬಂತು. ನಾಚಿಕೆಯಾಗುತ್ತದೆ ನನಗೆ.

ಅವರ ಹೆಸರು ಸೇರಿಸಿ, ಮೊದಲಿಗೇ ಹಾಕಿ ಎಂದು ಪತ್ರಿಕೆಯವರಿಗೆ ಪತ್ರ ಬರೆದಿದ್ದೇನೆ. ಇಬ್ಬರ ಸಹಿಯೂ ಬೇಕು. ನನ್ನದು ಆಗಿದೆ. ನಿನ್ನೆ ಉಜ್ವಲ್ ಹೇಳಿದರು, “ಈಗ ತಿದ್ದಿದರೆ ನಾವು ಕದ್ದ ಹಾಗೆ ಕಾಣ್ತದೆ ಸರ್.” ಕಾಣಲಿ. ಕದ್ದದ್ದೇ ಅಲ್ವಾ? ನಾನು ಹಿರಿಯ, ನನ್ನ ಪಾಲು ಹೆಚ್ಚು.

ದಯವಿಟ್ಟು ಎಲ್ಲರೂ ಏಳಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ, ನಾನೂ ನಿಲ್ಲಿಸುತ್ತೇನೆ. ಉಜ್ವಲ್, ಮೂರನೇ ಸಾಲಿನಲ್ಲಿದ್ದೀರಿ — ನೀವು ಮಾತ್ರ ಅಲ್ಲೇ ನಿಲ್ಲಬೇಡಿ. ಇಲ್ಲಿ ಬನ್ನಿ. ಪತ್ರ ಮೇಜಿನ ಮೇಲೆ ಉಂಟು.