ರೆಬ್ಬಿ ಲೆಮೆಲ್ ಅಗುಳಿ ತೆಗೆದದ್ದು

ಕೇಳ್ರಪ್ಪಾ, ಕೂತವರು ಕೂತು ಕೇಳಿ, ನಿಂತವರು ನಿಂತೇ ಕೇಳಿ. ಏಳು ಹೊಳೆ ಆಚೆ, ಹಿಮ ಬೀಳೋ ಸೀಮೇಲಿ, ಒಂದು ಯಹೂದಿಗಳ ಕೇರಿ. ಆ ಕೇರಿಗೊಬ್ಬ ಗುರು. ಗುರುವನ್ನ ಅವರು ರೆಬ್ಬಿ ಅಂತಾರೆ. ಹೆಸರು ಲೆಮೆಲ್.

ಅವನಿಗೆ ಒಂದೇ ಹುಚ್ಚು. ಸ್ವರ್ಗದ ಬಾಗಿಲು ತೆಗೀಬೇಕು, ಒಳಗಿನ ಬೆಳಕನ್ನ ಒಂದು ಸಲ ಕಣ್ಣಾರೆ ನೋಡಬೇಕು. ಹನ್ನೆರಡು ವರ್ಷ ಒಂದೇ ದೂರು.

"ಒಳಗೇ ಇದ್ದೀಯ ದೇವರೇ, ನಾನು ಕೂಗೋದು ಕೇಳಿಸುತ್ತೆ, ಆದ್ರೂ ತೆಗೆಯಲ್ವಲ್ಲಾ!"

ತೆಗೆದ್ನಾ? ಎಲ್ಲಿ ತೆಗೀತಾನೆ!

ಕೊನೆಗೆ ಗುಟ್ಟಿನ ಗ್ರಂಥಗಳ ಅಕ್ಷರ ಎಣಿಸಿ ಎಣಿಸಿ ಒಂದು ಗಳಿಗೆ ಹಿಡಿದ. ಇಂಥ ಶುಕ್ರವಾರ, ಇಳಿಹೊತ್ತಿನಲ್ಲಿ, ಕಿಟಕಿಯ ಬಿಸಿಲು ಎದುರುಗೋಡೆ ಮುಟ್ಟಿದಾಗ ಬಾಗಿಲು ತೆರೆಯುತ್ತೆ. ತಪ್ಪಿದ್ರೆ ಅವನ ಆಯಸ್ಸಲ್ಲಿ ಮತ್ತಿಲ್ಲ. ನಲವತ್ತು ದಿನ ಹಗಲೆಲ್ಲಾ ಉಪವಾಸ ಮಾಡಿದ. ಆ ಶುಕ್ರವಾರವೂ ಬಂತು. ಬಾಗಿಲಿಗೆ ಅಗುಳಿ ಜಡಿದು ಕೂತ.

ಟಕ್ ಟಕ್ ಟಕ್!

ಯಾರು? ವಿಧವೆ ಬ್ರೈನಾ. ಕೈಯಲ್ಲಿ ಕೊಯ್ದ ಕೋಳಿ, ಕೋಳಿ ಹೊಟ್ಟೇಲಿ ಒಂದು ಮೊಳೆ. ಅವರ ಕಟ್ಟಳೆ ನೋಡಿ, ಮೊಳೆ ಹೊಟ್ಟೆ ಚೀಲ ತೂತು ಮಾಡಿದ್ರೆ ಆ ಕೋಳಿ ತಿನ್ನಂಗಿಲ್ಲ. ನೋಡಿ ಹೇಳೋನು ರೆಬ್ಬಿ. ಹೊತ್ತು ಮುಳುಗಿದ್ರೆ ಸಬ್ಬತ್ತು, ಅಂದ್ರೆ ಅವರ ವಾರದ ಬಿಡುವಿನ ದಿನ ಶುರು, ಆಮೇಲೆ ಒಲೆ ಹಚ್ಚಂಗಿಲ್ಲ.

"ಗುರುಗಳೇ, ಈ ಕೋಳಿ ಸ್ವಲ್ಪ ನೋಡಿ!"

ರೆಬ್ಬಿ ಅಲ್ಲಾಡಲಿಲ್ಲ. ಬಿಸಿಲು ಮೇಜು ದಾಟಿತು.

ಟಕ್ ಟಕ್ ಟಕ್!

"ಗುರುಗಳೇ, ಮನೇಲಿ ಬೇರೇನೂ ಇಲ್ಲ, ಮಕ್ಕಳು ಹಸ್ಕೊಂಡಿವೆ!"

ರೆಬ್ಬಿ ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿದ. ಗೋಡೆಗೆ ಇನ್ನೊಂದೇ ಗೇಣು.

ಟಕ್ ಟಕ್ ಟಕ್!

"ಒಳಗೇ ಇದ್ದೀರಿ ಗುರುಗಳೇ, ನಾನು ಕೂಗೋದು ಕೇಳಿಸುತ್ತೆ, ಆದ್ರೂ ತೆಗೆಯಲ್ವಲ್ಲಾ!"

ರೆಬ್ಬಿ ಕಣ್ಣು ಬಿಟ್ಟ. ಈ ಮಾತು ಎಲ್ಲೋ ಕೇಳಿದ್ನಲ್ಲಾ? ಎದ್ದ. ಅಗುಳಿ ತೆಗೆದ. ಗೋಡೆ ಮೇಲೆ ಆಗತಾನೆ ಬಿಸಿಲು ಬಿದ್ದಿತ್ತು. ಅದೇ ಬಿಸಿಲಿಗೆ ಕೋಳಿಯ ಹೊಟ್ಟೆ ಚೀಲ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

"ತೂತಿಲ್ಲ ತಾಯಿ. ಹೋಗಿ ಬೇಯಿಸು."

"ಇಷ್ಟು ಹೇಳೋಕೆ ಇಷ್ಟು ಹೊತ್ತಾ?" ಅಂತ ಗೊಣಗ್ತಾ ಬ್ರೈನಾ ಓಡಿದಳು.

ತಿರುಗಿ ನೋಡ್ತಾನೆ, ಗೋಡೆ ಮೇಲೆ ಬಿಸಿಲಿಲ್ಲ. ಹನ್ನೆರಡು ವರ್ಷದ ಆಸೆ ಹೋಯ್ತು. ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಣ್ಣೊರೆಸಿಕೊಂಡ. ಹೊತ್ತು ಮುಳುಗೋದ್ರೊಳಗೆ ಆ ಮರದ ಅಗುಳಿ ಕಿತ್ತು ಒಲೆಗೆ ಹಾಕಿದ.

ಅವನು ಸ್ವರ್ಗದ ಬೆಳಕು ನೋಡಿದ್ನಾ? ನನ್ನ ಕೇಳಿದ್ರೆ ನಾನೇನು ಹೇಳ್ಲಿ? ಆ ದೂರು ಮಾತ್ರ ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಅವರ ಬಾಗಿಲು ಅಲ್ಲಿ, ನಮ್ಮ ಮಾತು ಇಲ್ಲಿ. ಕಥೆ ನಿಮ್ಮ ಮಡಿಲಿಗೆ, ನನಗೊಂದು ಲೋಟ ನೀರು.