ಅಮ್ಮನ ಕೋಣೆಯ ಗೋಡೆ

ಕದ್ದು ಕೇಳಬೇಕೆಂದಿರಲಿಲ್ಲ, ಹಾರ್ಡ್‌ವೇರ್ ಅಂಗಡಿಯ ಸಾಲು ಕದಲುತ್ತಿರಲಿಲ್ಲ, ಅಷ್ಟೆ. ನನ್ನ ಮುಂದೆ ಒಬ್ಬ ಮೇಸ್ತ್ರಿ, ಜೊತೆಗೆ ಅವನ ಅಕ್ಕ. ಅವನ ಕಂಕುಳಲ್ಲಿ ಮಡಿಸಿದ ಟಾರ್ಪಾಲು.

“ಹೊಸ ಮನೆಗೆ ಟಾರ್ಪಾಲು ಯಾಕೋ?”

“ಹಿಂದಿನ ಕೋಣೆಗೆ ಇನ್ನೂ ತಾರಸಿ ಹಾಕಿಲ್ಲ ಅಕ್ಕ.”

“ಅಮ್ಮನ ಕೋಣೆಗಾ?”

“ಹೂಂ. ಹಿತ್ತಲ ದಿಣ್ಣೆ ಕುಸೀತು. ತಡೆಗೋಡೆ ಕಟ್ಟೋಷ್ಟರಲ್ಲಿ ಕೈ ಬರಿದಾಯ್ತು.”

“ಮನೆ ಕಟ್ಟಿಸೋರಿಗೆಲ್ಲ ನೀನೇ ಹೇಳ್ತಿದ್ದೆಯಲ್ಲೋ, ದುಡ್ಡಲ್ಲಿ ಹತ್ತರಲ್ಲೊಂದು ಪಾಲು ಮುಟ್ಟದೆ ಇಟ್ಕೊಳ್ಳಿ ಅಂತ!”

“ನಾನೂ ಇಟ್ಟಿದ್ದೆ.”

“ಮತ್ತೆ?”

“ಗೋಡೆ ಎದ್ದಾಯ್ತು, ಇನ್ನೇನು ಖರ್ಚು ಬರುತ್ತೆ ಅಂದ್ಕೊಂಡೆ. ಮೇಸ್ತ್ರಿ ಮನೆ ಬಾಗಿಲು ಸಾದಾ ಇದ್ರೆ ನೋಡಿದೋರು ಏನಂತಾರೆ ಅಂತ, ಆ ದುಡ್ಡಲ್ಲಿ ತೇಗದ ಮುಂಬಾಗಿಲು ಕೆತ್ತಿಸಿಬಿಟ್ಟೆ.”



“ಅಮ್ಮ ಎಲ್ಲಿ ಮಲಗ್ತಾಳೆ?”

“ನಡುಮನೇಲಿ. ಆ ಬಾಗಿಲ ಎದುರಿಗೇ.”

“ಅವಳಿಗೆ ಹೇಳಿದ್ಯಾ?”

“ಇಲ್ಲ. ಗೋಡೆ ಇನ್ನೂ ನೀರು ಕುಡೀಬೇಕಮ್ಮ, ಗಟ್ಟಿಯಾದ್ಮೇಲೆ ತಾರಸಿ ಅಂದೆ.”

“ನಂಬಿದ್ಲಾ?”

“ಮೂರು ತಿಂಗಳಾಯ್ತು ಅಕ್ಕ. ದಿನಾ ಬೆಳಿಗ್ಗೆ ಎದ್ದು ಬಕೆಟ್ ಹಿಡ್ಕೊಂಡು ಆ ಗೋಡೆಗೆ ನೀರು ಹಾಕ್ತಾಳೆ. ಸಾಕು ಅನ್ನೋಕೆ ನನಗೆ ಬಾಯೇ ಬರಲ್ಲ.”

ಅವರ ಸರದಿ ಬಂತು. ದುಡ್ಡು ಕೊಟ್ಟು ಹೊರಟಾಗ ಟಾರ್ಪಾಲನ್ನು ಅಕ್ಕನೇ ಎತ್ತಿಕೊಂಡಳು.