ಅಣ್ಣನ ಗಾಡಿ

ಸ್ಪೇರ್ ಪಾರ್ಟ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅತ್ತಿಗೆ, ಅವರ ಮೈದುನ ನಿಂತಿದ್ದರು. ಬಾಗಿಲಾಚೆ ಅವರ ಹಳೆಯ ಟೂ-ಸ್ಟ್ರೋಕ್ ಬೈಕು.

“ಆಕ್ಸಿಡೆಂಟಲ್ಲಿ ಅಣ್ಣ ಹೋದಮೇಲೆ ಶೆಡ್ಡಲ್ಲಿ ಕೊಳೀತಿದ್ದ ಗಾಡಿ ಅಂತ ಯಾರಾದ್ರೂ ಹೇಳ್ತಾರಾ, ಅತ್ತಿಗೆ? ಕಾರ್ಬುರೇಟರ್ ತೊಳೆದೆ, ಎರಡೇ ಕಿಕ್ಕಿಗೆ ಸ್ಟಾರ್ಟ್ ಆಯ್ತು.”

“ಮತ್ತೆ ಇಲ್ಲಿಗ್ಯಾಕೆ ಬಂದ್ವಿ?”

“ಆಯಿಲ್ ಸೀಲ್ ಬೇಕು. ಹಳೇದು ಬಿರುಕು ಬಿಟ್ಟು ಇಂಜಿನ್ ಗಾಳಿ ಎಳ್ಕೊಳ್ತಿದೆ. ಆಕ್ಸಿಲೇಟರ್ ಬಿಟ್ರೂ ಒಂದೊಂದ್ಸಲ ತಾನೇ ಜೋರಾಗತ್ತೆ.”

ಅತ್ತಿಗೆ ತಿರುಗಿ ಬಾಗಿಲಾಚೆಯ ಬೈಕನ್ನು ನೋಡಿದರು.

“ನಿಮ್ಮಣ್ಣನೂ ಆವತ್ತು ಬೆಳಿಗ್ಗೆ ಇದನ್ನೇ ಹೇಳಿದ್ರು ಕಣೋ. ಕೈ ಬಿಟ್ರೂ ಗಾಡಿ ಎಳೀತಿದೆ ಅಂತ.”

“ಅಣ್ಣ ಜೋರಾಗಿ ಓಡಿಸಿದ ಅಂತಲ್ವಾ ಎಲ್ಲಾರೂ ಅಂದಿದ್ದು?”

“ನಾನೂ ಅದನ್ನೇ ನಂಬಿ, ಸತ್ತವರನ್ನ ಇಷ್ಟು ವರ್ಷ ಬೈಕೊಂಡು ಬಂದೆ.”

ಅಂಗಡಿಯವರು ಡಬ್ಬಿಗಳನ್ನೆಲ್ಲ ತಡಕಾಡಿ, ಸೀಲ್ ಸೋಮವಾರ ಬರುತ್ತದೆ ಎಂದರು.

“ಗಾಡಿ ತಳ್ಕೊಂಡು ಹೋಗೋಣ ಕಣೋ. ನಾನೂ ಕೈ ಹಾಕ್ತೀನಿ.”

“ಬರುವಾಗ ಏನಾದ್ರೂ ಆಯ್ತಾ? ಅಷ್ಟು ಭಯ ಇದ್ರೆ ನೀವು ಬಸ್ಸಲ್ಲಿ ಬನ್ನಿ.”

“ಬೇಡ ಕಣೋ, ನನ್ನ ಮಾತು ಕೇಳು.”

ಅವನು ನಗುತ್ತ ಹೊರಗೆ ಹೋಗಿ ಕಿಕ್ ಹೊಡೆದ. ಆಕೆ ಮೆಟ್ಟಿಲವರೆಗೆ ಓಡಿದರು. ತಿರುವಿನ ಹತ್ತಿರ ಅವನು ಆಕ್ಸಿಲೇಟರಿನಿಂದ ಬಲಗೈ ತೆಗೆದು ಅತ್ತಿಗೆಯತ್ತ ಬೀಸಿದ. ಇಂಜಿನ್ನಿನ ಸದ್ದು ಏರುತ್ತಲೇ ಇತ್ತು.